ಏರಿಯಿಂದ ಎದ್ದುಹೋದ ಸೊಸೆ

“ಕೆರೆಯ ಏರಿ ನಿಲ್ಲಲಿಲ್ಲ, ಊರಗೌಡರು ಕಿರಿಯ ಸೊಸೆಯನ್ನು ಕೆರೆಗೆ ಅರ್ಪಿಸಿದರು, ಆಮೇಲೆ ನೀರು ನಿಂತಿತು, ನೀರಿನ ಪಕ್ಕದಲ್ಲಿ ಊರು ನಿಂತಿತು.”

ನಮ್ಮೂರಿನ ಇತಿಹಾಸವೆಂದರೆ ಇಷ್ಟೇ. ಮುಳಬಾಗಿಲಿನ ಕಡೆ ಯಾರನ್ನು ಕೇಳಿದರೂ ಇದನ್ನೇ ಒಪ್ಪಿಸುತ್ತಾರೆ. ಒಪ್ಪದವರು ಇಬ್ಬರು: ನಾನು ಮತ್ತು ನನ್ನ ಹೆಂಡತಿಯ ಅಕ್ಕನ ಗಂಡ, ಅರ್ಥಾತ್ ನನ್ನ ಷಡ್ಡಕ. ನನ್ನದು ಶಾಲೆ ಬಿಟ್ಟ ಮೇಲೆ ಸ್ವಂತ ಓದಿನಿಂದ ಬಂದ ಸಾಧಾರಣ ಸಂಶಯ. ಷಡ್ಡಕನದು ಹಾಗಲ್ಲ. ಆ ಸೊಸೆ ಸಾಯಲೇ ಇಲ್ಲ, ಆಚೆ ದಡ ಹತ್ತಿ, ಸೀರೆ ಹಿಂಡಿಕೊಂಡು ಹೊರಟುಹೋದಳು ಎಂದು ಕಣ್ಣಾರೆ ಕಂಡವನಂತೆ ಹೇಳುತ್ತಾನೆ! ಸೀರೆಯ ಬಣ್ಣ ಕೇಳಿದರೆ ಅದನ್ನೂ ಹೇಳಿಯಾನು.

“ಏರಿ ಒಡೆದ್ರೆ ಕಟ್ಟಿದ ಮೇಸ್ತ್ರೀನ ಹೂಳ್ಬೇಕು ಕಣಯ್ಯಾ, ಸೊಸೇನ ಯಾಕೆ?” ಎಂದು ಅವನು ಟೀ ಅಂಗಡಿಯಲ್ಲಿ ಕೇಳಿದಂದಿನಿಂದ ಊರಿನ ಗಾರೆ ಮೇಸ್ತ್ರಿ ಅವನ ಮನೆಯ ಕೆಲಸವನ್ನೇ ಒಪ್ಪಿಕೊಳ್ಳುತ್ತಿಲ್ಲ. ಮಾಳಿಗೆ ಈಗಲೂ ಸೋರುತ್ತಿದೆ.

ಬದುಕಿದವಳಿಗೆ ವಂಶವೂ ಇರಬೇಕಲ್ಲವೆ? ಅದನ್ನು ಹುಡುಕಲು ಷಡ್ಡಕ ಶ್ರೀನಿವಾಸಪುರದ ಬಸ್ಸು ಹತ್ತಿದ. ಮಾವಿನ ತೋಟದ ಮುದುಕಿಯೊಬ್ಬಳನ್ನು, “ನಿಮ್ಮ ವಂಶದ ಮೊದಲನೇ ಅಮ್ಮ ಎಲ್ಲಿಂದಲೋ ನಡ್ಕೊಂಡು ಬಂದ್ಳಾ?” ಎಂದು ಕೇಳಿದನಂತೆ. “ಮತ್ತೆ ಹಾರ್ಕೊಂಡು ಬರ್ತಾಳಾ ನಾಯ್ನಾ?” ಎಂದಳಂತೆ ಆಕೆ. ಇದನ್ನು ಷಡ್ಡಕ ದೃಢೀಕರಣವೆಂದು ಪರಿಗಣಿಸಿದ! ಸಾಕ್ಷ್ಯವಾಗಿ ಒಂದು ಚೀಲ ಮಾವಿನಹಣ್ಣು ಹೊತ್ತು ತಂದ. ಸಾಕ್ಷ್ಯವನ್ನು ಸಂಜೆಯೊಳಗೆ ನಾವಿಬ್ಬರೂ ತಿಂದು ಮುಗಿಸಿದೆವು.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ನಮ್ಮೂರಲ್ಲೊಂದು ಕಟ್ಟಳೆಯುಂಟು: ಹೊಸ ಸೊಸೆ ಮೊದಲ ಹೆರಿಗೆಯಾಗುವವರೆಗೆ ಏರಿಯ ಮೇಲೆ ಕಾಲಿಡಬಾರದು, ಅವಳನ್ನು ಕಂಡರೆ ಕೆರೆ ಮತ್ತೆ ಬಲಿ ಕೇಳುತ್ತದಂತೆ. ಷಡ್ಡಕನ ಮನೆಗೆ ಬಂದ ಹೊಸ ಸೊಸೆಯೋ ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸು. ಬಸ್ಸು ನಿಲ್ಲುವುದು ಏರಿಯ ಆ ತುದಿಯಲ್ಲಿ. ಏರಿ ಬಿಟ್ಟು ಹಿಪ್ಪುನೇರಳೆ ತೋಟಗಳನ್ನು ಸುತ್ತಿಕೊಂಡು ಆಕೆ ಅಲ್ಲಿಗೆ ತಲುಪುವಷ್ಟರಲ್ಲಿ ಬಸ್ಸಿನ ಧೂಳು ಮಾತ್ರ ಉಳಿದಿರುತ್ತಿತ್ತು. ಇನ್ನೊಮ್ಮೆ ತಡವಾದರೆ ಬರುವುದೇ ಬೇಡ ಎಂದು ಆಸ್ಪತ್ರೆಯವರು ಹೇಳಿಬಿಟ್ಟರು.

“ಕೆಲಸ ಹೋದ್ರೆ ಹೋಗ್ಲಿ, ಹುಡುಗಿ ಹೋಗ್ಬಾರ್ದು,” ಎಂದಳು ಷಡ್ಡಕನ ಹೆಂಡತಿ.

“ಲೇ, ಆವಮ್ಮ ಅವತ್ತೇ ಎದ್ದು ಹೋದ್ಲು ಕಣೇ! ಈ ಕೆರೆಗೆ ಸೊಸೆ ರುಚೀನೇ ಗೊತ್ತಿಲ್ಲ!”

“ಅದಕ್ಕೇ ಈಗ ನಮ್ಮವಳ ರುಚಿ ತೋರಿಸ್ತೀಯಾ?”

ಸೊಸೆ ಇಬ್ಬರನ್ನೂ ನೋಡಿ, “ಮಾಮಾ, ನಾನು ನಾಳೆ ಏರಿ ಮೇಲೇ ಹೋಗ್ತೀನಿ,” ಎಂದಳು.

ಮರುದಿನ ಬೆಳಿಗ್ಗೆ ಅವಳೊಡನೆ ಷಡ್ಡಕ ಹೊರಟ. ಇತಿಹಾಸದ ಹಿತದೃಷ್ಟಿಯಿಂದ ನಾನೂ ಹಿಂದೆ ನಡೆದೆ. ಈಜು ಬಾರದ ಆಸಾಮಿ ನೀರಿನ ಬದಿಯಲ್ಲೇ ನಡೆಯುತ್ತಿದ್ದ. ತುಟಿ ಅಲುಗುತ್ತಿತ್ತು. ಸೊಸೆಗೂ ತನ್ನ ಸಂಶೋಧನೆಯನ್ನು ಬೋಧಿಸುತ್ತಿದ್ದಾನೆಂದು ತಿಳಿದು ಹತ್ತಿರ ಹೋದೆ. ಅವನು ಮಾತಾಡುತ್ತಿದ್ದದ್ದು ಕೆರೆಯೊಡನೆ!

“ತಾಯೀ, ಅಷ್ಟು ಹಸಿವಾದ್ರೆ ನನ್ನ ತಗೋ. ಈ ಮಗೂನ ಬಿಟ್ಬಿಡು.”

ಸೊಸೆಗೂ ಕೇಳಿಸಿತು. ಅವನ ಕೈ ಹಿಡಿದು ಗದ್ದೆಯ ಬದಿಗೆ ಸರಿಸಿ, ನೀರಿನ ಬದಿಗೆ ತಾನು ಬಂದಳು.

ಆ ಹಳೆಯ ಸೊಸೆಯ ವಿಷಯದಲ್ಲಿ ನಾನು ಪ್ರಮಾಣ ಮಾಡಲಾರೆ. ಈಕೆ ಮಾತ್ರ ಪ್ರತಿದಿನ ಬೆಳಿಗ್ಗೆ ಏರಿಯ ಮೇಲೆ ಬರುತ್ತಾಳೆ. ಅನುಮಾನವಿರುವವರು ಬಂದು ನೋಡಬಹುದು. ಮಾತಾಡಿಸಬೇಡಿ, ಬಸ್ಸು ತಪ್ಪುತ್ತದೆ.