ಅಡ್ಡಿ ಇಲ್ರಿ ಎಂದವನ ಕಣ್ಣಿನ ಪರೀಕ್ಷೆ

ನನ್ನ ಕಣ್ಣುಗಳ ಮೇಲೆ ನನಗೆ ಅಪಾರ ವಿಶ್ವಾಸ. ಹತ್ತಿ ವ್ಯಾಪಾರಿ ನಾನು, ಎಳೆ ಹಿಂಜಿ ನೋಡಿ ಹತ್ತಿಯ ಜಾತಿ ಹೇಳುವವನು. ನಲವತ್ತೇಳು ವರ್ಷ ಈ ಕಣ್ಣುಗಳನ್ನು ಯಾವ ಡಾಕ್ಟರಿಗೂ ತೋರಿಸಿದವನಲ್ಲ. ಅಂಥವನ ಸ್ಕೂಟರ್ ಕೀಲಿಯನ್ನು ಹೆಂಡತಿ ಶಾಂತಾ ಕಸಿದುಕೊಂಡಳು!

ಕಾರಣ ಸಣ್ಣದು. ಮಾರ್ಕೆಟ್ಟಿನ ಮುಂದೆ ಹಸಿರು ಸೀರೆಯಲ್ಲಿ ನಿಂತಿದ್ದ ಅವಳ ಪಕ್ಕ ಗಾಡಿ ನಿಲ್ಲಿಸಿ, “ಹತ್ತು ಲಗೂ, ಹೊಟ್ಟಿ ಹಸದೈತಿ,” ಎಂದಿದ್ದೆ. ಸೀರೆ ಹಸಿರೇ ಇತ್ತು, ಖರೇ. ಆದರೆ ಉಟ್ಟವರು ನನ್ನ ಮಗಳ ಸಾಲೆಯ ಹೆಡ್‌ಮಿಸ್ಸು!

“ಕಣ್ಣು ತೋರಿಸೂತನಕಾ ಕೀಲಿ ಸಿಗಂಗಿಲ್ಲ,” ಎಂದಳು ಶಾಂತಾ.

“ನನ್ನ ಕಣ್ಣಿಗೆ ಏನಾಗೇತಿ?”

“ಅದನ್ನ ಡಾಕ್ಟರ್ ಹೇಳ್ಲಿ. ನಡೀರಿ.”

ಬೈರಿದೇವರಕೊಪ್ಪದ ಮನೆಯಿಂದ ಅವಳೇ ಗಾಡಿ ಓಡಿಸಿದಳು. ಹಿಂದೆ ನಾನು, ಮೋರೆ ಇಳಿಬಿಟ್ಟುಕೊಂಡು. ಕಣ್ಣಿನ ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಇಳಿಸಿ, “ಮುಗದ ಮ್ಯಾಲೆ ಫೋನ್ ಮಾಡ್ರಿ,” ಎಂದು ತಂಗಿಯ ಮನೆಗೆ ಹೋದಳು.

ಕೀಲಿ ವಾಪಸ್ ಬರಬೇಕಾದರೆ ಈ ಪರೀಕ್ಷೆ ಪಾಸಾಗಲೇಬೇಕು. ನನ್ನ ಮುಂದಿದ್ದವರು ಒಳಗೆ ಬೋರ್ಡು ಓದುವುದು ಹೊರಗೆ ಕೇಳುತ್ತಿತ್ತು. ಕೊನೆಯ ಸಾಲು ಬಾಯಿಪಾಠ ಮಾಡಿಕೊಂಡೆ. ಸರದಿ ಬಂತು. ಪರೀಕ್ಷೆ ಮಾಡುವಾಕೆ ಮೈಸೂರು ಕಡೆಯ ಹುಡುಗಿ. ಆಕೆ ನನ್ನ ಬಲಗಣ್ಣು ಮುಚ್ಚಿದ್ದೇ ತಡ, ಒಂದೇ ಉಸಿರಿಗೆ ಸಾಲು ಒಪ್ಪಿಸಿದೆ.

“ಸರ್, ನಾನಿನ್ನೂ ಬೋರ್ಡಿನ ಲೈಟೇ ಹಾಕಿಲ್ಲ!”

ಲೈಟು ಹಾಕಿದಳು. ಬಾಯಿಪಾಠ ಮಾಡಿದ ಇಂಗ್ಲಿಷ್ ಸಾಲು ಹೋಗಿ, ಈಗ ಕನ್ನಡ ಅಕ್ಷರಗಳು.

“ರ... ಅಲ್ಲ, ಠ. ನಡುವ ಚುಕ್ಕಿ ಐತೋ ಇಲ್ಲೋ, ನೀವ ಹೇಳ್ರಿ!”

ಆಕೆ ನನ್ನ ಮೂಗಿನ ಮೇಲೆ ಭಾರದ ಫ್ರೇಮು ಕೂರಿಸಿ, ಒಂದೊಂದೇ ಗಾಜು ಹಾಕತೊಡಗಿದಳು.

“ಈಗ ಹೇಗಿದೆ?”

“ಅಡ್ಡಿ ಇಲ್ರಿ.”

“ಇದು?”

“ಇದೂ ಅಡ್ಡಿ ಇಲ್ರಿ.”

“ಎರಡರಲ್ಲಿ ಯಾವುದು ಚೆನ್ನಾಗಿದೆ?”

“ಎರಡೂ ಅಡ್ಡಿ ಇಲ್ರಿ.”

ಆಕೆ ಗಾಜುಗಳನ್ನು ಕೆಳಗಿಟ್ಟಳು. “ಸರ್, ನಿಮ್ಮ ಕಡೆ ಅಡ್ಡಿ ಇಲ್ಲ ಅಂದ್ರೆ ಚೆನ್ನಾಗಿದೆ ಅಂತಲೋ, ಚೆನ್ನಾಗಿಲ್ಲ ಅಂತಲೋ?”

ತಲೆ ಗಿರ್ರೆಂದಿತು. ಹುಟ್ಟಿದಾಗಿನಿಂದ ಆಡುತ್ತಿರುವ ಮಾತು! ಬೀಗರ ಮನೆಯ ಊಟ ರುಚಿಯಾಗಿದ್ದರೂ ಅಡ್ಡಿ ಇಲ್ಲ, ಉಪ್ಪೇ ಇಲ್ಲದಿದ್ದರೂ ಅಡ್ಡಿ ಇಲ್ಲ. ಹೆಣ್ಣುಮಗಳು ಇಷ್ಟು ಕಷ್ಟಪಟ್ಟು ಹಾಕಿದ ಗಾಜನ್ನು ಕೆಟ್ಟದ್ದು ಎನ್ನಲು ಬಾಯಾದರೂ ಹೇಗೆ ಬರಬೇಕು?

“ಗಾಜಿಗೆ ಬೇಜಾರಾಗಲ್ಲ ಸರ್, ಧೈರ್ಯವಾಗಿ ಹೇಳಿ,” ಎಂದಳು. ಆಗ ಒಪ್ಪಿಕೊಂಡೆ: ಮೊದಲಿನದರಲ್ಲಿ ಬೋರ್ಡೇ ಕಂಡಿರಲಿಲ್ಲ.

ಆಮೇಲೆ ಕಣ್ಣಿಗೆ ಹನಿ ಬಿಟ್ಟು ಕೂರಿಸಿದರು. ಪಾಪೆ ದೊಡ್ಡದಾದ ಮೇಲೆ ಡಾಕ್ಟರು ಲೈಟು ಬಿಟ್ಟು ಒಳಗೆಲ್ಲ ನೋಡಿದರು.

“ಕಣ್ಣು ಆರೋಗ್ಯ ಅದಾವ. ಚಶ್ಮಾ ಹಾಕ್ಕೊಂಡ್ರ ಸಾಕು. ಹನಿ ಹಾಕೇವಿ, ಒಂದಿಷ್ಟು ತಾಸು ಮಸುಕು ಕಾಣತೈತಿ. ಇವತ್ತು ಗಾಡಿ ಓಡಸಬ್ಯಾಡ್ರಿ.”

ಚಶ್ಮಾ ಬಂದರೆ ಕೀಲಿಯೂ ಬಂದಂತೆಯೇ! ಫೋನಿನ ಅಕ್ಷರ ಕಾಣದೆ ವಾಚ್‌ಮನ್ನನ ಕೈಯಿಂದ ಶಾಂತಾಗೆ ಫೋನ್ ಮಾಡಿಸಿ, ಬಾಗಿಲಲ್ಲಿ ನಿಂತೆ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಸ್ಕೂಟರ್ ಬಂದು ನಿಂತಿತು. ಅದರ ಮೇಲೆ ಏನೋ ಹಸಿರು.

“ಹತ್ರಿ ಲಗೂ.”

ಒಮ್ಮೆ ಮಾಡಿದ ತಪ್ಪನ್ನು ಮತ್ತೆ ಮಾಡುವವನು ನಾನಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದೆ. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ನಮ್ಮ ಮನಿಯಾಕಿ ಬರೋದೈತಿ.”

“ನಾನ ರೀ ನಿಮ್ಮ ಮನಿಯಾಕಿ!”

ವಾಚ್‌ಮನ್ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಕಿವಿಗೆ ಏನೂ ಆಗಿಲ್ಲ ನೋಡಿ.

ತೆಪ್ಪಗೆ ಹಿಂದೆ ಹತ್ತಿದೆ. ಸ್ವಲ್ಪ ದೂರ ಹೋದ ಮೇಲೆ ಶಾಂತಾ ಕೇಳಿದಳು, “ಚಶ್ಮಾ ಬಂದ್ರೂ ಇನ್ನ ಮ್ಯಾಲೆ ಗಾಡಿ ನಾನ ಓಡಸ್ತೇನಿ. ಅಡ್ಡಿ ಇಲ್ಲಲ್ಲ?”

“ಅಡ್ಡಿ ಇಲ್ಲ,” ಎಂದೆ.

ಅದರ ಅರ್ಥ ಏನೆಂದು ಅವಳು ಮಾತ್ರ ಕೇಳಲಿಲ್ಲ!