ಬನಹಟ್ಟಿ ಶಿಬಿರದಲ್ಲಿ ನನ್ನ ಬಿ.ಪಿ.

ಬನಹಟ್ಟಿಯಲ್ಲಿ ನನಗಿಂತ ಚೆನ್ನಾಗಿ ಭಾಷಣ ಮಾಡುವವರಿಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವದು. ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದೆ. ಹೃದಯರೋಗದ ಸಂಶೋಧನೆಗೆ ನೆರವು ಕೊಡುವ ಸೇವಾಸಂಸ್ಥೆಯೊಂದು ನಮ್ಮೂರ ನೇಕಾರರಿಗಾಗಿ ತಪಾಸಣಾ ಶಿಬಿರ ಇಟ್ಟುಕೊಂಡಿತು. ಜನರನ್ನು ಕೂಡಿಸಿ ನಾಲ್ಕು ಮಾತು ಹೇಳುವ ಹೊಣೆಯನ್ನು ನಾನೇ ಕೇಳಿ ಪಡೆದೆ.

ವಿಷಯ: ‘ಉಪ್ಪು, ಎಣ್ಣೆ ಮತ್ತು ಮನುಷ್ಯನ ಆತ್ಮಸಂಯಮ’. ಒಂಬತ್ತು ಪುಟ. ಬರೆಯುವಾಗ ಆರು ಮಿರ್ಚಿ ಭಜಿ ಖರ್ಚಾದವು. ಆತ್ಮಸಂಯಮದ ಭಾಗಕ್ಕೇ ನಾಲ್ಕು!

ಶಿಬಿರದ ದಿನ ಮಗ್ಗ ನಿಲ್ಲಿಸಿ ಜನ ಬಂದರು. ಬಂದವರು ಸಭಾಂಗಣದ ಬಾಗಿಲಲ್ಲೇ ನಿಂತರು. ನಮ್ಮ ಓಣಿಯ ಹಿರಿಯ ನೇಕಾರ ಮಲ್ಲಪ್ಪ ಕಾಕಾ ಬ್ಯಾನರಿನತ್ತ ಕೈ ತೋರಿಸಿದ.

“ಮಾಸ್ತರ, ಹೃದಯ ಸಂಶೋಧನಾ ಅಂತ ಬರದಾರಲ್ಲ, ಯಾರದು ಕಳದೈತಿ?”

“ಕಳದಿಲ್ಲ ಕಾಕಾ. ಎದಿ ಯಾಕ ಕೆಡತೈತಿ ಅಂತ ಡಾಕ್ಟರು ಹುಡುಕ್ತಾರ. ಅದಕ್ಕ ಇವರು ಸಹಾಯ ಮಾಡ್ತಾರ.”

“ನಂದು ಛಲೋ ಐತಿ. ಸುಮ್ನ ತೋರ್ಸಿ, ಇಲ್ಲದ ರೋಗ ಯಾಕ ಹಚ್ಕೊಳ್ಳೂದು?”

ಜನ ಹೌದು ಹೌದೆಂದರು. ಇಬ್ಬರು ಮನೆಯ ದಾರಿಯನ್ನೂ ಹಿಡಿದರು. ನನಗೆ ಕಸಿವಿಸಿಯಾಯಿತು. ಹಿಂದಿನ ತಿಂಗಳಷ್ಟೇ ನಮ್ಮ ಓಣಿಯ ಒಬ್ಬಾತ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಸಿದಿದ್ದ. ಮತ್ತೆ ಏಳಲಿಲ್ಲ. ಯಾರೂ ತೋರಿಸಿಕೊಳ್ಳದೆ ಈ ಶಿಬಿರ ಮುಗಿಯಬಾರದು.

ವೀರಾವೇಶದಿಂದ ಅಂಗಿಯ ತೋಳು ಏರಿಸಿದೆ. “ಮೊದಲ ನಾನ ತೋರಿಸ್ಕೋತೇನಿ, ನೋಡ್ರಿ! ಇದರಾಗ ಅಂಜೂದೇನೈತಿ?”

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೋಡಿದರು. ಮತ್ತೆ ತುಂಬಿದರು. ಇನ್ನೊಂದು ತೋಳಿಗೆ ಸುತ್ತಿದರು. ನಾನು ಜನರತ್ತ ನೋಡಿ ನಗುತ್ತಲೇ ಇದ್ದೆ.

“ಸರ್, ಸ್ವಲ್ಪ ಮಲ್ಕೋರಿ.”

“ನಂದು ಭಾಷಣ ಐತ್ರಿ.”

“ಮಾತಾಡಬ್ಯಾಡ್ರಿ!”

ನನ್ನ ಮೂವತ್ತು ವರ್ಷದ ಸೇವೆಯಲ್ಲಿ ಆ ಧೈರ್ಯ ಮಾಡಿದವರು ಅವರೊಬ್ಬರೇ. ಮಂಚದ ಮೇಲೆ ಮಲಗಿದೆ.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಶಾಂತಾ ಓಡಿ ಬಂದಳು.

“ಬಿ.ಪಿ. ಭಾಳ ಏರೇತ್ರಿ. ಇವರದು ಊಟದಾಗ ಉಪ್ಪು, ಎಣ್ಣಿ ಹೆಂಗ?” ಎಂದು ಡಾಕ್ಟರಮ್ಮ ಕೇಳಿದರು.

ನಾನು ಕಣ್ಸನ್ನೆ ಮಾಡಿದೆ.

“ಕಣ್ಣ್ಯಾಕ ಮಿಟುಕಿಸ್ತೀರಿ? ಖರೇನ ಹೇಳ್ತೇನಿ,” ಎಂದಳು ಶಾಂತಾ. “ಉಪ್ಪಿನಕಾಯಿ ಇಲ್ಲದ ತುತ್ತ ಎತ್ತಂಗಿಲ್ರಿ. ನಿನ್ನಿ ಉಪ್ಪು ಬಿಡ್ರಿ ಅಂತ ಭಾಷಣ ಬರಕೋತ ಆರು ಮಿರ್ಚಿ ತಿಂದಾರ!”

ಸಭಾಂಗಣವೇ ನಕ್ಕಿತು. ಶಾಂತಾ ನಗಲಿಲ್ಲ. “ಇವರಿಗೇನೂ ಆಗಂಗಿಲ್ಲಲ್ರಿ?” ಎಂದು ಡಾಕ್ಟರಮ್ಮನನ್ನು ಎರಡು ಸಲ ಕೇಳಿದಳು. ಆಗ ಮಾತ್ರ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮಲ್ಲಪ್ಪ ಕಾಕಾನಿಗೂ ಆಗಿರಬೇಕು. “ಪುಸ್ತಕ ಓದಿದ ಮಾಸ್ತರಿಗೇ ಹಿಂಗಾದ್ರ ನಮ್ಮ ಗತಿ ಏನಲೇ? ಪಾಳಿ ಹಚ್ಚಿರಿ!” ಎಂದು ಕೂಗಿ ತಾನೇ ಮೊದಲು ನಿಂತ.

ಸಂಜೆಯವರೆಗೆ ಸಾಲು ಕರಗಲಿಲ್ಲ. ಹೆಚ್ಚಿನ ತಪಾಸಣೆಗೆಂದು ಮೂವರನ್ನು ಜಮಖಂಡಿಯ ಆಸ್ಪತ್ರೆಗೆ ಕಳಿಸಿದರು. ಕಾಕಾನ ಬಿ.ಪಿ. ಮಾತ್ರ ಇಪ್ಪತ್ತರ ಹುಡುಗನದರಂತೆ ಇತ್ತಂತೆ. ಅದನ್ನು ಆತ ನನ್ನ ಮಂಚದ ಬಳಿ ಮೂರು ಸಲ ಬಂದು ಹೇಳಿದ.

ಕೊನೆಗೆ ಸಂಸ್ಥೆಯ ಕಾರ್ಯದರ್ಶಿ ಬಂದು ನನ್ನ ಕೈ ಹಿಡಿದುಕೊಂಡರು.

“ಸರ್, ನಿಮ್ಮಿಂದ ಶಿಬಿರ ಗೆದ್ದೈತಿ. ಮುಂದಿನ ವಾರ ಚಿಮ್ಮಡದಾಗ ಐತಿ, ನೀವು ಬರಾಕಬೇಕು.”

“ಯಾವ ವಿಷಯದ ಮ್ಯಾಲೆ ಮಾತಾಡ್ಲಿ?” ಎಂದೆ.

“ಮಾತು ಬ್ಯಾಡ್ರಿ. ಬಂದು ಹಿಂಗ ಮಲ್ಕೊಂಡ್ರ ಸಾಕು!”

ಹೋದೆ. ಮಲಗಿದೆ. ಒಳ್ಳೆಯ ಜನ ಸೇರಿತ್ತು.