ಲಾಂಡ್ರಿಯ ಗೇಟು ಕೂಗಿದಾಗ

ಊರವರ ಬಟ್ಟೆ ಒಗೆದು ಬದುಕುವವರಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಅದರಲ್ಲೂ ನಮ್ಮ ಲಾಂಡ್ರಿಗೆ ಆರ್‌ಎಫ್‌ಐಡಿ ಬಂದ ಮೇಲೆ ಆದದ್ದನ್ನು ನೆನೆದರೆ ಮೊದಲು ನಗು ಬರುತ್ತದೆ, ಹಿಂದೆಯೇ ಮನಸ್ಸು ಚುರ್ ಎನ್ನುತ್ತದೆ.

ನಾನು ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಗಾಡಿ ಬದಲಿಸಿ ತುರ್ಭೆಯ ಲಾಂಡ್ರಿಗೆ ಹೋಗುವ ಸೂಪರ್‌ವೈಸರ್. ನಮ್ಮ ಧಣಿಗಳು ಉಡುಪಿ ಕಡೆಯವರು. ನವಿ ಮುಂಬಯಿಯ ಹೋಟೆಲು, ಆಸ್ಪತ್ರೆಗಳ ಚಾದರ, ಟವೆಲ್ಲು ನಮ್ಮಲ್ಲಿಗೆ ಬರುತ್ತವೆ. ಅವನ್ನು ಎಣಿಸಿ ಮಡಚುತ್ತಿದ್ದವಳು ಕಲ್ಯಾಣದಿಂದ ಬರುತ್ತಿದ್ದ ಮರಾಠಿ ಹೆಂಗಸು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವಳು ನನ್ನನ್ನು ಭಾವೂ, ಅಂದರೆ ಅಣ್ಣ, ಎಂದೂ ಧಣಿಗಳನ್ನು ಶೇಟ್ ಎಂದೂ ಕರೆಯುತ್ತಿದ್ದಳು.

ಬಟ್ಟೆ ಕಡಿಮೆ ಬಂತೆಂದು ಹೋಟೆಲಿನವರು ದಿನಾ ತಗಾದೆ ತೆಗೆಯುವುದರಿಂದ ಬೇಸತ್ತು ಧಣಿಗಳು ಹೊಸ ಯಂತ್ರ ತರಿಸಿದರು. ಪ್ರತಿ ಬಟ್ಟೆಯ ಅಂಚಿಗೆ ಅಂಗಿಯ ಗುಂಡಿಯಷ್ಟು ದೊಡ್ಡ ಚಿಪ್ ಹೊಲಿಯುವುದು, ಬಾಗಿಲಿಗೆ ಒಂದು ಗೇಟು ಕೂರಿಸುವುದು. ಬಟ್ಟೆ ಗೇಟು ದಾಟಿದರೆ ಸಾಕು, ಅದು ಯಾರದು, ಎಷ್ಟು ಎಂದು ರೇಡಿಯೋ ಅಲೆಯಲ್ಲೇ ಓದಿ ಪರದೆಯ ಮೇಲೆ ತೋರಿಸುತ್ತದೆ. ಚೀಟಿಯಿಲ್ಲದೆ ಹೊರಗೆ ಹೋದರೆ ಕೂಗುತ್ತದೆ.

ಒದ್ದೆ ಬಟ್ಟೆ

ಮೊದಲ ದಿನ ಹೋಟೆಲುಗಳ ಮ್ಯಾನೇಜರುಗಳನ್ನೆಲ್ಲ ಕರೆದು, ಚಾ, ಬಟಾಟೆವಡೆ ಕೊಟ್ಟು ಧಣಿಗಳು ಗೇಟು ತೋರಿಸಿದರು. ಆಗಷ್ಟೇ ಮಶೀನಿನಿಂದ ತೆಗೆದ ಚಾದರಗಳ ಗಾಡಿಯನ್ನು ತಳ್ಳಿದೆವು. ಪರದೆಯ ಮೇಲೆ ಅರ್ಧ ಲೆಕ್ಕವೂ ಬರಲಿಲ್ಲ. ಮತ್ತೆ ತಳ್ಳಿದೆವು. ಇನ್ನೂ ಇಳಿಯಿತು.

ಗೇಟು ಕೂರಿಸಿದ ಎಂಜಿನಿಯರ್ ಮೆಲ್ಲನೆ ಹೇಳಿದ, "ಸರ್, ನೀರು ಅಲೆಯನ್ನು ಕುಡಿದುಬಿಡುತ್ತದೆ. ಒದ್ದೆ ಬಟ್ಟೆ ಇದಕ್ಕೆ ಆಗಿಬರುವುದಿಲ್ಲ."

ಧಣಿಗಳು ಅವನನ್ನೇ ನೋಡಿದರು. "ನೀನು ಬರುವಾಗ ಹೊರಗೆ ಬೋರ್ಡು ಓದಲಿಲ್ಲವಾ ಮಾರಾಯ? ನಮ್ಮದು ಲಾಂಡ್ರಿ!"

ಆಪರೇಶನ್ ಗೌನು

ಒಣಗಿಸಿಯೇ ಓದಿಸಲು ಶುರುಮಾಡಿದೆವು. ಈಗ ಗೇಟಿಗೆ ವಿಪರೀತ ಹುರುಪು ಬಂತು. ಗೋಡೆಯಾಚೆ ಒಂದು ಆಸ್ಪತ್ರೆಯ ಬಟ್ಟೆ ಜೋಡಿಸಿಟ್ಟಿದ್ದೆವು, ಅದನ್ನೂ ಓದಿಬಿಡುತ್ತಿತ್ತು. ನಮಗೆ ಗೊತ್ತಾಗಲಿಲ್ಲ.

ಸಾನಪಾಡಾದ ಒಂದು ಉಡುಪಿ ಹೋಟೆಲಿನಿಂದ ಫೋನು. ಮ್ಯಾನೇಜರು ನಮ್ಮ ಊರಿನವರೇ. "ನಿಮ್ಮ ಚೀಟಿಯಲ್ಲಿ ಟೇಬಲ್ ಬಟ್ಟೆಯ ಕೆಳಗೆ ಆಪರೇಶನ್ ಗೌನು ಅಂತ ಬರೆದಿದೆ. ಗೌನು ಬರಲಿಲ್ಲ."

"ಯಂತ್ರ ತಪ್ಪು ಓದಿದೆ, ಕ್ಷಮಿಸಬೇಕು," ಎಂದೆ.

"ಕ್ಷಮಿಸುವ ಎಂಥ ಉಂಟು? ಬಂದಿದ್ದರೆ ಒಳ್ಳೆಯದಿತ್ತು. ನಮ್ಮ ಭಟ್ರು ದೋಸೆ ಮಗುಚುವುದು ನೋಡಿದರೆ ಆಪರೇಶನ್ ಮಾಡಿದ ಹಾಗೆಯೇ ಕಾಣುತ್ತದೆ."

ಮಾವಶಿ

ಇದರಲ್ಲಿ ನಗುವ ಭಾಗ ಕಡಿಮೆ.

ಸಂಜೆ ಎಲ್ಲರೂ ಮನೆಗೆ ಹೊರಟಿದ್ದೆವು. ಮಾವಶಿ ಗೇಟು ದಾಟುತ್ತಲೇ ಅದು ಕೂಗಿತು. ಅವಳು ಹೆದರಿ ಹಿಂದೆ ಬಂದಳು, ಮತ್ತೆ ಕೂಗಿತು. ವಾಚ್‌ಮನ್ ಅವಳ ಚೀಲಕ್ಕೆ ಕೈಹಾಕಿದ. "ಬೇಡ, ಅವಳ ಚೀಲ ನೋಡಬೇಡ," ಎಂದು ನಾನು ಬೊಬ್ಬೆ ಹಾಕಿದೆ. ಗೇಟಿನ ಕಿರುಚಾಟದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಊಟದ ಡಬ್ಬ, ಲೋಕಲ್ಲಿನ ಪಾಸು, ಮಂಡಿಗೆ ಹಚ್ಚುವ ಮುಲಾಮು, ಎಲ್ಲವೂ ಎಲ್ಲರೆದುರು ಮೇಜಿನ ಮೇಲೆ ಬಂತು. ಕೊನೆಗೆ ಸಿಕ್ಕಿತು: ಯಾವುದೋ ಟವೆಲ್ಲಿನಿಂದ ಕಿತ್ತುಬಂದ ಒಂದು ಚಿಪ್, ಅವಳ ಸೀರೆಯ ಅಂಚಿಗೆ ಸಿಕ್ಕಿಕೊಂಡಿತ್ತು.

ಮಾವಶಿ ಒಂದೊಂದಾಗಿ ಸಾಮಾನು ಚೀಲಕ್ಕೆ ತುಂಬಿಕೊಂಡಳು. "ಭಾವೂ, ಇಷ್ಟು ವರ್ಷ ನಾನು ಬಟ್ಟೆ ಎಣಿಸಿದೆ," ಎಂದಳು ನನಗೆ. "ಇವತ್ತು ಬಟ್ಟೆ ನನ್ನನ್ನು ಎಣಿಸಿತು."

ಮರುದಿನದಿಂದ ಬರಲಿಲ್ಲ. ಫೋನು ಮಾಡಿದರೆ ಮಂಡಿನೋವು ಎಂದಳು. ಮುಲಾಮನ್ನು ನಾವೆಲ್ಲರೂ ನೋಡಿದ್ದೆವಲ್ಲ, ನಂಬದೆ ಇರುವಂತಿರಲಿಲ್ಲ.

ನ್ಯಾಪ್ಕಿನ್

ಸ್ವಲ್ಪ ದಿನದಲ್ಲೇ ಅದೇ ಬಾಗಿಲಲ್ಲಿ ಧಣಿಗಳು ಹೊರಟಾಗ ಗೇಟು ಕೂಗಿತು. "ಯಾರದು ಅದು?" ಎಂದು ಅವರು ಹಿಂದೆ ತಿರುಗಿ ಗದರಿದರು. ಹಿಂದೆ ಯಾರೂ ಇರಲಿಲ್ಲ. ಪರದೆಯ ಮೇಲೆ ಸೀವುಡ್ಸ್‌ನ ಒಂದು ಹೋಟೆಲಿನ ಹೆಸರು, ಪಕ್ಕದಲ್ಲಿ "ನ್ಯಾಪ್ಕಿನ್, ಒಂದು".

ಬೆವರು ಒರೆಸಲು ಮಡಚಿಟ್ಟ ರಾಶಿಯಿಂದ ಎತ್ತಿಕೊಂಡವರು ಹಾಗೆಯೇ ಕಿಸೆಗೆ ಹಾಕಿಕೊಂಡಿದ್ದರು. ವಾಚ್‌ಮನ್ ಮೇಲೆ ಫ್ಯಾನು ನೋಡುತ್ತಾ ನಿಂತ. ಯಾರೂ ಅವರ ಕಿಸೆಗೆ ಕೈಹಾಕಲಿಲ್ಲ. ಧಣಿಗಳು ನ್ಯಾಪ್ಕಿನ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಇದರ ಕೂಗು ಬಂದ್ ಮಾಡಿಸಿ. ಲೆಕ್ಕ ಮಾಡಿದರೆ ಸಾಕು," ಎಂದರು. ಮೆಟ್ಟಿಲಿಳಿದವರು ತಿರುಗಿ ಬಂದು, "ಭಾನುವಾರ ಮಾವಶಿಯ ಮನೆಗೆ ಹೋಗಿ ಬನ್ನಿ. ನಾನೇ ಹೇಳಿ ಕಳಿಸಿದೆ ಅನ್ನಿ," ಎಂದರು.

ಪೇಡೆಯ ಪೊಟ್ಟಣ ಹಿಡಿದು ಕಲ್ಯಾಣಕ್ಕೆ ಹೋದೆ. ಮಾವಶಿ ಚಾ ಕೊಟ್ಟು ಧಣಿಗಳ ನ್ಯಾಪ್ಕಿನ್ನಿನ ಕಥೆ ಕೇಳಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇದೇ ಸಮಯವೆಂದು, "ನಾಳೆಯಿಂದ ಬರ್ತೀಯಲ್ಲ?" ಎಂದೆ.

ನಗು ನಿಂತಿತು. "ಇಲ್ಲ ಭಾವೂ. ಇಲ್ಲೇ ಗಲ್ಲಿಯಲ್ಲಿ ಚಪಾತಿ ಮಾಡುವ ಕೆಲಸ ಸಿಕ್ಕಿದೆ. ಹೊರಡುವಾಗ ಯಾರೂ ನನ್ನ ಚೀಲ ನೋಡುವುದಿಲ್ಲ."

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಬಾಗಿಲಿನವರೆಗೆ ಬಂದವಳು ಕೇಳಿದಳು, "ಶೇಟ್ ಕಿಸೆಯಲ್ಲಿದ್ದದ್ದು ಯಾವ ಹೋಟೆಲಿನ ನ್ಯಾಪ್ಕಿನ್?"

ಹೇಳಿದೆ.

"ಅಯ್ಯೋ ದೇವಾ, ಅದಾ!" ಎಂದು ಮಾವಶಿ ಹಣೆ ಚಚ್ಚಿಕೊಂಡಳು. "ಅದು ಬೆವರೇ ಹೀರುವುದಿಲ್ಲ. ಕದಿಯುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತಾ, ಒಳ್ಳೆಯದನ್ನೇ ಆರಿಸಿಕೊಡುತ್ತಿದ್ದೆ!"